ನೀರು ಏಕೆ ನಿಧಾನವಾಯಿತು?

ಯಂತ್ರವೊಂದು ಪೂರ್ತಿಯಾಗಿ ನಿಂತುಹೋದಾಗ ಅದರ ದೋಷವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಅದು ನಿಲ್ಲದೆ, ಆದರೆ ಸರಿಯಾಗಿಯೂ ನಡೆಯದೆ, ದಿನದಿನಕ್ಕೆ ಮಂದವಾಗುತ್ತ ಬಂದಾಗಲೇ ನಮ್ಮ ಬುದ್ಧಿಗೆ ನಿಜವಾದ ಪರೀಕ್ಷೆ. ಇಂದು ಪಟ್ಟಣಗಳಲ್ಲಿಯೂ ಅನೇಕ ಹಳ್ಳಿಗಳಲ್ಲಿಯೂ ಅಡುಗೆಮನೆಯ ಗೋಡೆಗೆ ನೇತುಬಿದ್ದಿರುವ ಆರ್.ಓ. ಯಂತ್ರವು ಇಂತಹ ಮಂದಗತಿಯ ರೋಗಕ್ಕೆ ಪದೇ ಪದೇ ಒಳಗಾಗುವ ಯಂತ್ರಗಳಲ್ಲಿ ಒಂದು. ಮೊದಲು ಮುಕ್ಕಾಲು ಗಂಟೆಯಲ್ಲಿ ತುಂಬುತ್ತಿದ್ದ ಅದರ 8 ಲೀಟರಿನ ತೊಟ್ಟಿ ಈಗ ಎರಡು ಗಂಟೆಯಾದರೂ ತುಂಬುವುದಿಲ್ಲ. ಮನೆಯವರು ದುರಸ್ತಿಗಾರರನ್ನು ಕರೆಸುತ್ತಾರೆ. ಅವರು ಬಂದು ಮೆಂಬ್ರೇನ್ ಹೋಗಿದೆಯೆಂದು ಹೇಳಿ ಹೊಸದನ್ನು ಹಾಕುತ್ತಾರೆ. ಕೆಲವೊಮ್ಮೆ ರೋಗ ವಾಸಿಯಾಗುತ್ತದೆ; ಕೆಲವೊಮ್ಮೆ ಎರಡು ತಿಂಗಳಿಗೆ ಅದೇ ಕಥೆ ಮರುಕಳಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಈ ಲೇಖನದಲ್ಲಿ ನಾನು ಹೇಳಹೊರಟಿರುವ ಮಾತು ಒಂದೇ: ಅಳೆಯದೆ ಏನನ್ನೂ ಬದಲಿಸಬಾರದು. ಮನೆಯ ಆರ್.ಓ. ಯಂತ್ರದಲ್ಲಿ ನೀರಿನ ಒತ್ತಡ ಕುಗ್ಗಿದಾಗ ಅದರ ಕಾರಣವನ್ನು ಕೆಲವೇ ಸರಳ ಅಳತೆಗಳಿಂದ ಬೇರ್ಪಡಿಸಿ ತಿಳಿಯಬಹುದು. ಆ ಅಳತೆಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು, ಮಾಡಬಲ್ಲಳು. ಇದು ಕೇವಲ ಹಣ ಉಳಿಸುವ ಉಪಾಯವೆಂದು ವಾಚಕರು ಭಾವಿಸಬಾರದು. ಒತ್ತಡ ಕುಗ್ಗಿದ ಯಂತ್ರವು ನೀರನ್ನು ಕಡಿಮೆ ಕೊಡುವುದಷ್ಟೇ ಅಲ್ಲ, ಹೆಚ್ಚು ನೀರನ್ನು ಚರಂಡಿಗೆ ಚೆಲ್ಲುತ್ತದೆ. ಕೊಡುವ ನೀರನ್ನೂ ಕಡಿಮೆ ಶುದ್ಧವಾಗಿ ಕೊಡುತ್ತದೆ. ಈ ಮೂರನೆಯ ಸಂಗತಿ ಬಹಳ ಜನರಿಗೆ ತಿಳಿಯದು. ಅದು ಹೇಗೆಂಬುದನ್ನು ಅರಿಯಬೇಕಾದರೆ ಪೊರೆಯ ಸ್ವಭಾವವನ್ನು ಸ್ವಲ್ಪ ಪರಿಚಯಮಾಡಿಕೊಳ್ಳಬೇಕು.

ಪೊರೆಯ ಸ್ವಭಾವ

1748ರಲ್ಲಿ ಫ್ರಾನ್ಸಿನ ಪಾದ್ರಿ ಜ್ಯಾಂ ಆಂತ್ವಾನ್ ನೊಲೆ ಎಂಬಾತನು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟನು. ಹೊರಗಿನ ನೀರು ಪೊರೆಯ ಮೂಲಕ ಒಳಹೊಕ್ಕು ಪೊರೆಯು ಉಬ್ಬಿತು. ದ್ರಾವಕವನ್ನು ಬಿಟ್ಟುಕೊಟ್ಟು ಅದರಲ್ಲಿ ಕರಗಿರುವ ಪದಾರ್ಥವನ್ನು ತಡೆಯುವ ಇಂತಹ ಪೊರೆಯನ್ನು ಅರೆಪಾರಕ ಪೊರೆಯೆಂದೂ, ಅದರ ಮೂಲಕ ನೀರು ತಿಳಿಯಾದ ಕಡೆಯಿಂದ ಸಾಂದ್ರವಾದ ಕಡೆಗೆ ತಾನಾಗಿ ಹರಿಯುವುದನ್ನು ಅಭಿಸರಣವೆಂದೂ ಕರೆಯುತ್ತೇವೆ. ಈ ಹರಿವನ್ನು ತಡೆದು ನಿಲ್ಲಿಸಲು ಸಾಂದ್ರವಾದ ಕಡೆಯಲ್ಲಿ ಎಷ್ಟು ಒತ್ತಡ ಹಾಕಬೇಕೋ ಅದು ಅಭಿಸರಣ ಒತ್ತಡ. ಜರ್ಮನಿಯ ಸಸ್ಯವಿಜ್ಞಾನಿ ಫೆಫರನು 1877ರಲ್ಲಿ ಪ್ರಕಟಿಸಿದ ಅಳತೆಗಳನ್ನು ಆಧಾರವಾಗಿಟ್ಟುಕೊಂಡು ಹಾಲೆಂಡಿನ ವಾಂಟ್ ಹಾಫನು ಅದರ ನಿಯಮವನ್ನು ರೂಪಿಸಿದನು. 1901ರಲ್ಲಿ ರಸಾಯನ ವಿಜ್ಞಾನದ ಮೊತ್ತಮೊದಲ ನೊಬೆಲ್ ಬಹುಮಾನ ಅವನಿಗೆ ಸಂದಿತು.

ಅಭಿಸರಣ ಒತ್ತಡಕ್ಕಿಂತಲೂ ಹೆಚ್ಚಿನ ಒತ್ತಡವನ್ನು ಹಾಕಿದರೆ ಏನಾಗಬೇಕು? ಹರಿವು ಹಿಂದಿರುಗಬೇಕು. ಉಪ್ಪುನೀರಿನ ಕಡೆಯಿಂದ ನೀರು ಮಾತ್ರ ಪೊರೆಯನ್ನು ದಾಟಿ, ಉಪ್ಪು ಹಿಂದೆ ಉಳಿಯಬೇಕು. ಹಿಮ್ಮುಖ ಅಭಿಸರಣವೆಂದರೆ ಇಷ್ಟೇ, ಆರ್.ಓ. ಎಂಬ ಎರಡಕ್ಷರ ಸೂಚಿಸುವುದೂ ಇದನ್ನೇ. ತತ್ತ್ವ ಸರಳವಾದರೂ ಬಹುಕಾಲ ಅದು ಉಪಯೋಗಕ್ಕೆ ಬರಲಿಲ್ಲ. ಉಪ್ಪನ್ನು ತಡೆಯುವ ಪೊರೆಗಳು ನೀರನ್ನೂ ತೀರ ಹನಿಹನಿಯಾಗಿಯೇ ಬಿಡುತ್ತಿದ್ದುವು. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಸಂಜಾತ ಶ್ರೀನಿವಾಸ ಸೌರಿರಾಜನ್ ಎಂಬ ಇಬ್ಬರು ಸೆಲ್ಯುಲೋಸ್ ಅಸಿಟೇಟಿನಿಂದ ಹೊಸ ಬಗೆಯ ಪೊರೆಯನ್ನು ತಯಾರಿಸಿದರು. ಅದರ ಮೇಲ್ಮೈಯಲ್ಲಿ ಮಾತ್ರ ಅತಿ ತೆಳುವಾದ ಒತ್ತೊತ್ತಾದ ಪದರ. ಕೆಳಗೆಲ್ಲ ಸ್ಪಂಜಿನಂತೆ ತೂತುತೂತು. ಉಪ್ಪನ್ನು ತಡೆಯುವ ಕೆಲಸವನ್ನು ಆ ತೆಳುಪದರವೇ ಮಾಡುತ್ತಿದ್ದುದರಿಂದ ನೀರಿನ ಹರಿವು ಅನೇಕ ಪಾಲು ಹೆಚ್ಚಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗ ಎಂಬ ಪಟ್ಟಣದಲ್ಲಿ ಈ ಪೊರೆಯಿಂದ ಸವಳುನೀರನ್ನು ಸಿಹಿಮಾಡುವ ಸ್ಥಾವರ ಕೆಲಸಮಾಡತೊಡಗಿತು. ಅಂದಮೇಲೆ, ನೀರಿನ ನಿಧಾನವೆಂಬುದು ಈ ವಿದ್ಯೆಯ ಹುಟ್ಟಿನೊಡನೆಯೇ ಬಂದ ಸಮಸ್ಯೆ. ನಮ್ಮ ಅಡುಗೆಮನೆಯಲ್ಲಿ ಕಾಣುವುದು ಅದರ ಚಿಕ್ಕ ರೂಪ.

ಒಂದು ಸಣ್ಣ ಲೆಕ್ಕ

ಪೊರೆಯನ್ನು ದಾಟುವ ನೀರಿನ ಪ್ರಮಾಣವು ಪಂಪಿನ ಪೂರ್ಣ ಒತ್ತಡವನ್ನು ಅವಲಂಬಿಸುವುದಿಲ್ಲ. ಆ ಒತ್ತಡದಲ್ಲಿ ಅಭಿಸರಣ ಒತ್ತಡವನ್ನು ಕಳೆದು ಉಳಿದದ್ದನ್ನು ಅವಲಂಬಿಸುತ್ತದೆ. ಲೀಟರಿಗೆ 1,000 ಮಿಲಿಗ್ರಾಮಿನಷ್ಟು ಲವಣಗಳು ಕರಗಿರುವ ಕೊಳವೆ ಬಾವಿಯ ನೀರಿಗೆ ಅಭಿಸರಣ ಒತ್ತಡ ಸುಮಾರು ಮುಕ್ಕಾಲು ಬಾರ್. 10 ಮೀಟರು ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಉಂಟುಮಾಡುವ ಒತ್ತಡ ಹೆಚ್ಚುಕಡಿಮೆ 1 ಬಾರ್ ಎಂದು ನೆನಪಿಟ್ಟರೆ ಸಾಕು. ಪೊರೆಯ ಉದ್ದಕ್ಕೂ ಸಾಗುತ್ತ ನೀರು ಇನ್ನಷ್ಟು ಸಾಂದ್ರವಾಗುವುದರಿಂದ ಲೆಕ್ಕದ ಸೌಕರ್ಯಕ್ಕೆ ಅದನ್ನು 1 ಬಾರ್ ಎಂದೇ ಇಟ್ಟುಕೊಳ್ಳೋಣ.

ಪಂಪು 5 ಬಾರ್ ಒತ್ತಡ ಕೊಡುತ್ತಿರುವಾಗ ನೀರನ್ನು ನೂಕುವ ನಿವ್ವಳ ಒತ್ತಡ 4 ಬಾರ್. ಆಗ ಯಂತ್ರವು ಗಂಟೆಗೆ 12 ಲೀಟರು ಶುದ್ಧ ನೀರನ್ನು ಕೊಟ್ಟು, 24 ಲೀಟರನ್ನು ಹೊರಹಾಕುತ್ತಿದೆಯೆನ್ನಿ. ಯಾವುದೋ ಕಾರಣದಿಂದ ಪಂಪಿನ ಒತ್ತಡ ಅರ್ಧಕ್ಕಿಳಿದು ಎರಡೂವರೆ ಬಾರ್ ಆಯಿತು. ನಿವ್ವಳ ಒತ್ತಡ ಈಗ ಒಂದೂವರೆ ಬಾರ್. ಶುದ್ಧ ನೀರು ಅರ್ಧಕ್ಕಲ್ಲ, ಎಂಟರಲ್ಲಿ ಮೂರು ಪಾಲಿಗೆ, ಎಂದರೆ ಗಂಟೆಗೆ ನಾಲ್ಕೂವರೆ ಲೀಟರಿಗೆ ಇಳಿಯುತ್ತದೆ. ಇದು ಮೊದಲನೆಯ ನಷ್ಟ.

ಹೊರಹೋಗುವ ನೀರಾದರೋ ಒಂದು ಸಣ್ಣ ರಂಧ್ರದ ಮೂಲಕ ಹೋಗುತ್ತದೆ. ಅಂತಹ ರಂಧ್ರದಲ್ಲಿ ಹರಿವು ಒತ್ತಡದ ವರ್ಗಮೂಲಕ್ಕೆ ಸರಿಸುಮಾರಾಗಿ ಅನುಪಾತದಲ್ಲಿರುತ್ತದೆ. ಒತ್ತಡ ಅರ್ಧವಾದರೆ ಹೊರಹೋಗುವ ನೀರು 24 ಲೀಟರಿನಿಂದ 17 ಲೀಟರಿಗೆ ಮಾತ್ರ ಇಳಿಯುತ್ತದೆ. ಮೊದಲು ಒಂದು ಲೀಟರು ಒಳ್ಳೆಯ ನೀರಿಗೆ 2 ಲೀಟರು ಚರಂಡಿಗೆ ಹೋಗುತ್ತಿತ್ತು; ಈಗ ಹತ್ತಿರ ಹತ್ತಿರ 4 ಲೀಟರು ಹೋಗುತ್ತದೆ. ದಿನಕ್ಕೆ 10 ಲೀಟರು ಬಳಸುವ ಸಂಸಾರದಲ್ಲಿ ಹೀಗೆ ಹೆಚ್ಚಾಗಿ ಪೋಲಾಗುವ ನೀರು ವರ್ಷಕ್ಕೆ 6,000 ಲೀಟರನ್ನು ಮೀರುತ್ತದೆ. 2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳು ಟ್ಯಾಂಕರಿನ ದಾರಿ ಕಾಯುತ್ತಿದ್ದುದನ್ನು ಕಂಡವರಿಗೆ ಈ ಅಂಕಿಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಇದು ಎರಡನೆಯ ನಷ್ಟ.

ಮೂರನೆಯದು ಸೂಕ್ಷ್ಮವಾದದ್ದು. ಪೊರೆಯು ಉಪ್ಪನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಸ್ವಲ್ಪ ಉಪ್ಪು ಯಾವಾಗಲೂ ದಾಟುತ್ತಿರುತ್ತದೆ. ನೀರು ದಾಟುವುದಕ್ಕೆ ಒತ್ತಡ ಕಾರಣ. ಉಪ್ಪು ದಾಟುವುದಕ್ಕಾದರೋ ಪೊರೆಯ ಎರಡು ಪಕ್ಕಗಳ ಲವಣಾಂಶಗಳಲ್ಲಿರುವ ಅಂತರ ಕಾರಣ. ಆದ್ದರಿಂದ ಒತ್ತಡ ಇಳಿದಾಗ ನೀರಿನ ಹರಿವು ಇಳಿಯುತ್ತದೆ, ಉಪ್ಪಿನ ಸೋರಿಕೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಪಾತ್ರೆಗೆ ಗಂಟೆಗೊಂದು ಚಿಟಿಕೆ ಉಪ್ಪು ತಪ್ಪದೆ ಬೀಳುತ್ತಿದ್ದು, ಅದನ್ನು ಹಂಚಿಕೊಳ್ಳುವ ನೀರು ಮಾತ್ರ ಕಡಿಮೆಯಾದಂತೆ ಇದು. ನಮ್ಮ ಉದಾಹರಣೆಯಲ್ಲಿ ನೀರು ಎಂಟರಲ್ಲಿ ಮೂರು ಪಾಲಾಯಿತು. ಲವಣಾಂಶ ಸ್ಥೂಲವಾಗಿ ಎರಡೂವರೆ ಪಾಲಿಗಿಂತಲೂ ಹೆಚ್ಚಾಗುತ್ತದೆ.

ಲವಣ ಹೆಚ್ಚಾದರೇನು, ರುಚಿಯಲ್ಲಿ ತುಸು ವ್ಯತ್ಯಾಸವಷ್ಟೇ ತಾನೆ ಎಂದು ಕೆಲವರು ಕೇಳಬಹುದು. ಕಾವೇರಿಯ ನೀರು ಬರುವ ಮನೆಯಲ್ಲಿ ಅದು ಸರಿಯಾದ ಮಾತೇ. ಆದರೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿಯೂ ಪಾವಗಡದ ಸೀಮೆಯಲ್ಲಿಯೂ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಇರುತ್ತದೆ. ಅದರ ಅತಿಯಾದ ಸೇವನೆಯಿಂದ ಮಕ್ಕಳ ಹಲ್ಲುಗಳಲ್ಲಿ ಕಲೆ ಬೀಳುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಎಲುಬು ಕೀಲುಗಳು ಬಿಗಿದು ಮನುಷ್ಯನು ಬಾಗಿಹೋಗುತ್ತಾನೆ. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಂತೆ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಮನ್ನು ಮೀರದಿರುವುದು ಒಳ್ಳೆಯದು; ಬೇರೆ ನೀರೇ ಸಿಗದಿದ್ದರೆ ಒಂದೂವರೆ ಮಿಲಿಗ್ರಾಮಿನವರೆಗೆ ಸಹಿಸಬಹುದು. ಬಾವಿಯಲ್ಲಿ 3 ಮಿಲಿಗ್ರಾಮಿದ್ದು, ಯಂತ್ರವು ಅದನ್ನು 0.3ಕ್ಕೆ ಇಳಿಸುತ್ತಿತ್ತೆಂದು ಇಟ್ಟುಕೊಳ್ಳಿ. ಮೇಲಿನ ಲೆಕ್ಕದಂತೆ ಒತ್ತಡ ಅರ್ಧವಾದರೆ ಅದು 0.8ರ ಹತ್ತಿರಕ್ಕೆ ಏರುತ್ತದೆ. ಪೊರೆಯೂ ಹಳೆಯದಾಗಿದ್ದರೆ ಮಿತಿಯನ್ನು ದಾಟಲು ಹೆಚ್ಚು ದೂರವಿಲ್ಲ. ಇಂತಹ ಮನೆಯಲ್ಲಿ ನೀರಿನ ನಿಧಾನವನ್ನು ಸಹಿಸಿಕೊಂಡು ಸುಮ್ಮನಿರುವುದು ಅಪಾಯಕರ.

ನಮ್ಮ ಮನೆಗಳ ವಿಶೇಷ

ನಗರದ ಕೊಳಾಯಿಯಲ್ಲಿಯೇ ಹಗಲಿರುಳೂ 3 ಅಥವಾ 4 ಬಾರ್ ಒತ್ತಡವಿರುವ ದೇಶಗಳಲ್ಲಿ ಈ ಯಂತ್ರಕ್ಕೆ ಅನೇಕ ವೇಳೆ ಪಂಪೇ ಬೇಡ. ಅಲ್ಲಿಯ ಕೈಪಿಡಿಗಳು ಮೊದಲು ಮನೆಯ ಕೊಳಾಯಿಯ ಒತ್ತಡವನ್ನು ನೋಡಿರೆಂದು ಬೋಧಿಸುತ್ತವೆ. ನಮ್ಮ ಮನೆಗಳ ಸ್ಥಿತಿಯೇ ಬೇರೆ. ನೀರು ಮೊದಲು ನೆಲದಡಿಯ ಸಂಪಿಗೆ ಬಂದು, ಅಲ್ಲಿಂದ ಮಾಳಿಗೆಯ ತೊಟ್ಟಿಗೆ ಏರಿ, ಅಲ್ಲಿಂದ ಇಳಿಯುತ್ತದೆ. ತೊಟ್ಟಿಯು ಅಡುಗೆಮನೆಗಿಂತ 7 ಮೀಟರು ಎತ್ತರದಲ್ಲಿದ್ದರೆ ಒತ್ತಡ 0.7 ಬಾರ್, ಮೇಲಂತಸ್ತಿನ ಮನೆಗೆ 2 ಮೀಟರು ಮಾತ್ರ ಇದ್ದರೆ 0.2 ಬಾರ್. ಅಭಿಸರಣ ಒತ್ತಡವನ್ನೇ ಮೀರಲಾರದ ಈ ಒತ್ತಡದಿಂದ ಪೊರೆಯ ಕೆಲಸ ಸಾಗದು. ಆದುದರಿಂದ ನಮ್ಮ ಯಂತ್ರಗಳ ಹೊಟ್ಟೆಯಲ್ಲಿ ಒಂದು ಚಿಕ್ಕ ಬೂಸ್ಟರ್ ಪಂಪು ಇರುತ್ತದೆ. ಯಂತ್ರದ ಜೀವ ಆ ಪಂಪಿನಲ್ಲಿದೆ.

ನೀರಿನ ದಾರಿಯನ್ನು ಕ್ರಮವಾಗಿ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮೊದಲು ಮಣ್ಣು ಮಡ್ಡಿಯನ್ನು ಹಿಡಿಯುವ ಸೆಡಿಮೆಂಟ್ ಫಿಲ್ಟರು, ಕ್ಲೋರಿನನ್ನು ಹೀರುವ ಕಾರ್ಬನ್ ಫಿಲ್ಟರು, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವು, ಪಂಪು, ಆಮೇಲೆ ಪೊರೆ. ಈ ಭಾಗಗಳ ಕ್ರಮ ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ಬದಲಾಗಬಹುದು. ಪೊರೆಯಿಂದ ಎರಡು ದಾರಿಗಳು ಹೊರಡುತ್ತವೆ. ಒಂದು ಶುದ್ಧ ನೀರಿನದು. ಅದು ತೊಟ್ಟಿಗೆ ಹೋಗುತ್ತದೆ. ಇನ್ನೊಂದು ಉಪ್ಪು ಕೂಡಿದ ನೀರಿನದು. ಅದು ಫ್ಲೋ ರೆಸ್ಟ್ರಿಕ್ಟರ್ ಎಂಬ ಸಣ್ಣ ರಂಧ್ರದ ತುಂಡಿನ ಮೂಲಕ ಚರಂಡಿಗೆ ಹೋಗುತ್ತದೆ. ಕಿರುಬೆರಳಿನಷ್ಟಿರುವ ಈ ತುಂಡನ್ನು ಯಾರೂ ಗಮನಿಸುವುದಿಲ್ಲ. ಆದರೆ ಪೊರೆಯ ಮುಂದೆ ಒತ್ತಡ ನಿಲ್ಲುವುದು ಇದು ದಾರಿಯನ್ನು ಬಿಗಿಹಿಡಿದಿರುವುದರಿಂದಲೇ. ತೋಟಕ್ಕೆ ನೀರು ಬಿಡುವಾಗ ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದಂತೆ ಇದರ ಕೆಲಸ.

ಅಳತೆ ಮಾಡುವ ಬಗೆ

ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ನಿಧಾನವಾಗಿರುವುದು ನಲ್ಲಿಯೋ, ಯಂತ್ರವೋ? ತೊಟ್ಟಿ ತುಂಬಿದ್ದೂ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ಪೊರೆಯನ್ನು ದೂರಬಾರದು. ದೋಷವು ನಲ್ಲಿಯಲ್ಲಿಯೋ ತೊಟ್ಟಿಯ ಗಾಳಿರಂಧ್ರದಲ್ಲಿಯೋ ಇದೆ. ಅಡುಗೆಕಟ್ಟೆಯ ಕೆಳಗಿಡುವ ಕೆಲವು ಯಂತ್ರಗಳಲ್ಲಿ ಉಕ್ಕಿನ ಮುಚ್ಚಿದ ತೊಟ್ಟಿಯಿರುತ್ತದೆ. ಅದರೊಳಗೆ ರಬ್ಬರಿನ ಚೀಲದ ಆಚೆ ತುಂಬಿರುವ ಗಾಳಿಯೇ ನೀರನ್ನು ನಲ್ಲಿಗೆ ನೂಕುತ್ತದೆ. ತೊಟ್ಟಿ ಬರಿದಾಗಿರುವಾಗ ಆ ಗಾಳಿಯ ಒತ್ತಡ ಸುಮಾರು ಅರ್ಧ ಬಾರ್ ಇರಬೇಕು. ಅದು ಸೋರಿಹೋಗಿದ್ದರೆ ತೊಟ್ಟಿಯ ತುಂಬ ನೀರಿದ್ದರೂ ಹೊರಗೆ ಬಾರದು. ಟೈರಿನ ಒತ್ತಡ ನೋಡುವ ಮಾಪಕದಿಂದಲೇ ಇದನ್ನು ಪರೀಕ್ಷಿಸಿ, ಸೈಕಲ್ ಪಂಪಿನಿಂದಲೇ ಸರಿಪಡಿಸಬಹುದು.

ತೊಟ್ಟಿಯೇ ತುಂಬುತ್ತಿಲ್ಲವೆಂದಾದರೆ ನಿಧಾನವಾಗಿರುವುದು ಯಂತ್ರ. ಈಗ ಒಂದು ಲೀಟರಿನ ಅಳತೆಯ ಪಾತ್ರೆ, ಒಂದು ಗಡಿಯಾರ, ಒಂದು ಒತ್ತಡ ಮಾಪಕ, ಒಂದು ಟಿ.ಡಿ.ಎಸ್. ಮಾಪಕ, ಇಷ್ಟನ್ನು ಸಿದ್ಧಪಡಿಸಿಕೊಳ್ಳಿ. ಮೊದಲನೆಯ ಅಳತೆ, ಶುದ್ಧ ನೀರು ಒಂದು ಲೀಟರು ತುಂಬಲು ಹಿಡಿಯುವ ಕಾಲ. ಎರಡನೆಯದು, ಚರಂಡಿಯ ಕೊಳವೆಯಲ್ಲಿ ಒಂದು ಲೀಟರು ತುಂಬಲು ಹಿಡಿಯುವ ಕಾಲ. ಮೂರನೆಯದು, ಪಂಪಿಗೂ ಪೊರೆಗೂ ನಡುವಿನ ಒತ್ತಡ. ಕಾಲು ಅಂಗುಲದ ಕೊಳವೆಗೆ ಮೂರು ಬಾಯಿಯ ಜೋಡಣೆಯೊಂದನ್ನು ಸೇರಿಸಿ ಮಾಪಕವನ್ನು ಕೂಡಿಸಬಹುದು. ಇವುಗಳ ಜೊತೆಗೆ ಒಳಬರುವ ನೀರಿನ ಮತ್ತು ಶುದ್ಧ ನೀರಿನ ಟಿ.ಡಿ.ಎಸ್. ಬರೆದಿಟ್ಟುಕೊಳ್ಳಿ.

ಹೋಲಿಕೆಗೆ ಒಂದು ಅಂಕಿ ಬೇಕಷ್ಟೆ. ಅದು ಪೊರೆಯ ಮೇಲೆಯೇ ಅಚ್ಚಾಗಿರುತ್ತದೆ. 75 ಗ್ಯಾಲನ್ ಎಂದಿದ್ದರೆ ದಿನಕ್ಕೆ ಅಷ್ಟು ಅಮೆರಿಕನ್ ಗ್ಯಾಲನ್ ಎಂದರ್ಥ. ಒಂದು ಗ್ಯಾಲನ್ನಿಗೆ 3.785 ಲೀಟರಿನಂತೆ ದಿನಕ್ಕೆ 284 ಲೀಟರು, ಗಂಟೆಗೆ ಸುಮಾರು 12 ಲೀಟರು. ಎಂದರೆ ಐದು ನಿಮಿಷಕ್ಕೆ ಒಂದು ಲೀಟರು. ಆದರೆ ಈ ಅಂಕಿಯನ್ನು ನಿರ್ಧರಿಸುವುದು ಪ್ರಯೋಗಶಾಲೆಯಲ್ಲಿ, ಲವಣ ಕಡಿಮೆಯಿರುವ ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ನೀರು ಒಂದೊಂದು ಡಿಗ್ರಿ ತಣ್ಣಗಾದಂತೆಲ್ಲ ಅದರ ಸ್ನಿಗ್ಧತೆ ಹೆಚ್ಚಿ, ಹರಿವು ನೂರಕ್ಕೆ ಸುಮಾರು 3ರಂತೆ ಇಳಿಯುತ್ತದೆ. ಪುಷ್ಯಮಾಸದ ಬೆಳಗಿನಲ್ಲಿ ತೊಟ್ಟಿಯ ನೀರು 18 ಡಿಗ್ರಿಯಿದ್ದರೆ ಐದರಲ್ಲಿ ಒಂದು ಪಾಲು ನೀರು ಯಾವ ದೋಷವೂ ಇಲ್ಲದೆಯೇ ಕಡಿಮೆಯಾಗುತ್ತದೆ. ಚಳಿಯನ್ನು ಕಾಯಿಲೆಯೆಂದು ತಿಳಿದು ಪೊರೆಯನ್ನು ಬದಲಿಸುವುದು ಹಾಸ್ಯಾಸ್ಪದ. ಅಳತೆಗಳೊಡನೆ ನೀರಿನ ಉಷ್ಣತೆಯನ್ನೂ ಬರೆದಿಡಬೇಕೆಂಬುದು ಈ ಕಾರಣಕ್ಕಾಗಿ.

ಇನ್ನು ತೀರ್ಮಾನ. ಶುದ್ಧ ನೀರೂ ಚರಂಡಿಯ ನೀರೂ ಎರಡೂ ಕಡಿಮೆಯಾಗಿ, ಮಾಪಕವೂ ಕೆಳಗಿದ್ದರೆ ದೋಷವು ಪೊರೆಯ ಹಿಂದಿನ ದಾರಿಯಲ್ಲಿದೆ. ಸೆಡಿಮೆಂಟ್ ಫಿಲ್ಟರು ಮಡ್ಡಿಯಿಂದ ಕಟ್ಟಿಕೊಂಡಿರಬಹುದು; ಕಾರ್ಬನ್ ಫಿಲ್ಟರು ಬಿಗಿದಿರಬಹುದು; ಒಳಬರುವ ವಾಲ್ವು ಪೂರ್ತಿ ತೆರೆದಿಲ್ಲದಿರಬಹುದು; ಪಂಪಿನ ಒಳಗಿನ ರಬ್ಬರು ಸವೆದಿರಬಹುದು, ಇಲ್ಲವೆ ಅದಕ್ಕೆ ವಿದ್ಯುತ್ತನ್ನು ಕೊಡುವ ಅಡಾಪ್ಟರು ದುರ್ಬಲವಾಗಿರಬಹುದು. ನೀರು ಸಾಲದ ಪಂಪು ಗರಗರನೆ ಸದ್ದುಮಾಡುವುದು ಒಳ್ಳೆಯ ಸೂಚನೆ. ಸೆಡಿಮೆಂಟ್ ಫಿಲ್ಟರಿಗೆ ಮುಂಚೆಯೂ ಆಮೇಲೆಯೂ ನೀರಿನ ಹರಿವನ್ನು ಬಕೆಟ್ಟಿನಲ್ಲಿ ಅಳೆದು ನೋಡಿದರೆ ಅಪರಾಧಿ ಫಿಲ್ಟರೋ ಪಂಪೋ ಎಂಬುದು ತಿಳಿದುಹೋಗುತ್ತದೆ.

ಶುದ್ಧ ನೀರು ಕಡಿಮೆಯಾಗಿ, ಚರಂಡಿಯ ನೀರು ಮಾತ್ರ ಮೊದಲಿಗಿಂತ ಹೆಚ್ಚಾಗಿ, ಮಾಪಕವು ಕೆಳಗಿದ್ದರೆ, ಬಿಗಿಹಿಡಿಯಬೇಕಾದ ಹೆಬ್ಬೆರಳು ಸಡಿಲಾಗಿದೆಯೆಂದು ಅರ್ಥ. ರೆಸ್ಟ್ರಿಕ್ಟರ್ ಕೆಟ್ಟಿದೆ, ಇಲ್ಲವೆ ಪೊರೆಯನ್ನು ತೊಳೆಯುವುದಕ್ಕಾಗಿ ಇಟ್ಟಿರುವ ವಾಲ್ವು ತೆರೆದುಕೊಂಡೇ ನಿಂತಿದೆ. ಇಲ್ಲಿ ಹೊಸ ಪೊರೆಯನ್ನು ಹಾಕಿದರೆ ಎಳ್ಳಷ್ಟೂ ಪ್ರಯೋಜನವಿಲ್ಲ.

ಮಾಪಕವು ಸರಿಯಾದ ಒತ್ತಡವನ್ನೇ ತೋರಿಸುತ್ತಿದೆ, ಚರಂಡಿಯ ನೀರು ಎಂದಿನಂತಿದೆ, ನೀರು ತಣ್ಣಗಾಗಿಯೂ ಇಲ್ಲ, ಬಾವಿಯ ನೀರಿನ ಟಿ.ಡಿ.ಎಸ್. ಕೂಡ ಹೆಚ್ಚಿಲ್ಲ; ಆದರೂ ಶುದ್ಧ ನೀರು ನಿಧಾನ. ಈಗ, ಈಗ ಮಾತ್ರ, ಪೊರೆಯನ್ನು ಅಪರಾಧಿಯೆನ್ನಬಹುದು. ಅದರ ಮೇಲೆ ಲವಣಗಳ ಹೆಪ್ಪೋ ಸೂಕ್ಷ್ಮಜೀವಿಗಳ ಲೋಳೆಯೋ ಕಟ್ಟಿಕೊಂಡಿದೆ.

ಮತ್ತೊಂದು ಸ್ಥಿತಿಯಿದೆ, ಹೆಚ್ಚು ಮೋಸಮಾಡುವುದು ಇದೇ. ಮಾಪಕವು ಎಂದಿಗಿಂತ ಮೇಲಿದ್ದು, ಚರಂಡಿಗೆ ನೀರು ಬಹಳ ಕಡಿಮೆ ಹೋಗುತ್ತಿದೆಯೆನ್ನಿ. ಮನೆಯವರಿಗೆ ನೀರು ಉಳಿಯಿತೆಂದು ಸಂತೋಷ. ನಿಜವಾಗಿ ಆಗಿರುವುದು ರೆಸ್ಟ್ರಿಕ್ಟರ್ ಕಟ್ಟಿಕೊಂಡಿರುವುದು. ಒಳಬಂದ ನೀರಿನಲ್ಲಿ ಮೂರರಲ್ಲಿ ಒಂದು ಪಾಲನ್ನು ಶುದ್ಧಮಾಡಿ ತೆಗೆದರೆ ಉಳಿದ ನೀರಿನಲ್ಲಿ ಲವಣಗಳು ಒಂದೂವರೆ ಪಾಲು ಸಾಂದ್ರವಾಗುತ್ತವೆ. ನಾಲ್ಕರಲ್ಲಿ ಮೂರು ಪಾಲನ್ನು ತೆಗೆದರೆ ನಾಲ್ಕು ಪಾಲು ಸಾಂದ್ರವಾಗುತ್ತವೆ. ಗಡಸು ನೀರಿನಲ್ಲಿ ಆಗ ಕ್ಯಾಲ್ಸಿಯಂ ಕಾರ್ಬೊನೇಟು, ನೀರು ಕಾಯಿಸುವ ಹಂಡೆಯ ಒಳಮೈಗೆ ಹತ್ತುವ ಬಿಳಿಯ ಪದರದಂತೆ, ಪೊರೆಯ ಮೇಲೆಯೇ ಹೆಪ್ಪುಗಟ್ಟುತ್ತದೆ. ಕೆಲವು ತಿಂಗಳಲ್ಲಿ ಪೊರೆ ಹಾಳು. ಹೊಸ ಪೊರೆಯನ್ನು ಹಾಕಿ ಆ ತುಂಡನ್ನು ಹಾಗೆಯೇ ಬಿಟ್ಟರೆ ಅದೂ ಹಾಳು. ಇಲ್ಲಿ ಪೊರೆಯು ಅಪರಾಧಿಯಲ್ಲ, ಬಲಿಪಶು. ನೀರನ್ನು ಉಳಿಸುವ ಸದುದ್ದೇಶದಿಂದ ಚರಂಡಿಯ ಕೊಳವೆಯನ್ನು ತಾವೇ ಹಿಸುಕಿ ಕಟ್ಟುವವರು ಈ ಮಾತನ್ನು ನೆನಪಿಡಬೇಕು. ಹೊರಬಂದ ನೀರನ್ನು ಕೊಡದಲ್ಲಿ ಹಿಡಿದು ನೆಲ ಒರೆಸಲು, ಪಾತ್ರೆ ತೊಳೆಯಲು ಬಳಸುವುದು ಅದಕ್ಕಿಂತ ಎಷ್ಟೋ ಮೇಲು.

ಆಕ್ಷೇಪಗಳು

ಇದೆಲ್ಲ ಮನೆಯವರ ಕೆಲಸವೇ, ತಿಳಿದವರಿಗೆ ಬಿಡಬಾರದೇ ಎಂಬುದು ಮೊದಲನೆಯ ಆಕ್ಷೇಪ. ಅದರಲ್ಲಿ ಅರ್ಧ ಸತ್ಯವಿದೆ. ನೀರೂ ವಿದ್ಯುತ್ತೂ ಒಟ್ಟಿಗಿರುವ ಯಂತ್ರವನ್ನು ಪ್ಲಗ್ಗು ತೆಗೆಯದೆ ಬಿಚ್ಚುವುದು ಅವಿವೇಕ. ಕುಡಿಯುವ ನೀರಿನ ದಾರಿಯನ್ನು ಕೊಳೆಗೈಯಿಂದ ಮುಟ್ಟುವುದೂ ಅವಿವೇಕ. ಮಾಪಕವನ್ನು ಕೂಡಿಸುವುದನ್ನೂ ಭಾಗಗಳನ್ನು ಬದಲಿಸುವುದನ್ನೂ ಬಲ್ಲವರಿಗೇ ಬಿಡೋಣ. ಆದರೆ ಒಂದು ಲೀಟರು ತುಂಬಲು ಎಷ್ಟು ನಿಮಿಷವಾಯಿತೆಂದು ನೋಡುವುದಕ್ಕೆ ಯಾವ ಅಪಾಯವೂ ಇಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ವೈದ್ಯರ ಬಳಿ ಹೋಗುವ ಮುಂಚೆ ಜ್ವರವೆಷ್ಟಿದೆಯೆಂದು ತಾಯಿಯು ನೋಡುವಂತೆಯೇ ಇದು. ಅಂಕಿಗಳನ್ನು ಮುಂದಿಟ್ಟು ಕೇಳುವ ಮನೆಯವರಿಗೆ ದುರಸ್ತಿಗಾರರು ಕೊಡುವ ಉತ್ತರವೂ ಬೇರೆಯಾಗುತ್ತದೆ. ದುರಸ್ತಿಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ದಿನಕ್ಕೆ ಹತ್ತಾರು ಮನೆ ಸುತ್ತುವವರು ಪ್ರತಿಯೊಂದು ಕಡೆಯೂ ಅಳೆಯುತ್ತ ಕೂಡಲಾರರು. ಯಂತ್ರದಲ್ಲಿ ಅಳೆಯುವ ಅನುಕೂಲವೂ ಇಲ್ಲ.

ಟಿ.ಡಿ.ಎಸ್. ಮಾಪಕವೊಂದಿದ್ದರೆ ಸಾಲದೇ ಎಂಬುದು ಎರಡನೆಯದು. ಸಾಲದು. ಆ ಮಾಪಕವು ನೀರಿನ ವಿದ್ಯುದ್ವಾಹಕತೆಯನ್ನು ಅಳೆದು, ಅದರಿಂದ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆ. ಆ ಮೊತ್ತದಲ್ಲಿ ಅಡುಗೆಯುಪ್ಪು ಎಷ್ಟು, ಫ್ಲೋರೈಡು ಎಷ್ಟು ಎಂದು ಅದು ಹೇಳಲಾರದು; ರೋಗಾಣುಗಳಿವೆಯೇ ಎಂಬುದನ್ನಂತೂ ಹೇಳಲೇ ಆರದು. ಪೊರೆಯ ಆರೋಗ್ಯವನ್ನು ತಿಂಗಳಿಂದ ತಿಂಗಳಿಗೆ ಹೋಲಿಸಲು ಅದು ಉಪಯುಕ್ತ. ಬಾವಿಯ ನೀರಿನ ಗುಣವನ್ನು ತಿಳಿಯಲು ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ತೂಕದ್ದು: ಈ ಯಂತ್ರವೇ ಎಲ್ಲರಿಗೂ ಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯವೂ ಹೌದು. ಕುಡಿಯುವ ನೀರಿನ ಮಾನಕವು ಕರಗಿದ ಲವಣಗಳನ್ನು ಲೀಟರಿಗೆ 500 ಮಿಲಿಗ್ರಾಮಿನವರೆಗೆ ಯಾವ ಷರತ್ತೂ ಇಲ್ಲದೆ ಒಪ್ಪುತ್ತದೆ. ಅದಕ್ಕಿಂತ ಕಡಿಮೆ ಲವಣವಿರುವ ಕಡೆಗಳಲ್ಲಿ ಈ ಯಂತ್ರಗಳನ್ನು ನಿಷೇಧಿಸಬೇಕೆಂದೂ, ಉಳಿದ ಕಡೆ ನೂರಕ್ಕೆ 60 ಪಾಲಾದರೂ ನೀರನ್ನು ಉಳಿಸಿಕೊಳ್ಳುವಂತೆ ಮಾಡಬೇಕೆಂದೂ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಕೇಂದ್ರ ಸರಕಾರಕ್ಕೆ ಸೂಚಿಸಿತು. ನದಿಯ ಸಿಹಿನೀರು ಬರುವ ಮನೆಗಳಲ್ಲಿ ಸೋಸಿ ಕುದಿಸಿದರೆ ಸಾಕು. ಆದರೆ ಬೇಡದ ಮನೆಯಲ್ಲಿ ಯಂತ್ರವಿದೆಯೆಂಬ ಕಾರಣಕ್ಕೆ, ಬೇಕಾದ ಮನೆಯ ಯಂತ್ರವು ಅರೆಜೀವದಿಂದ ನಡೆಯುವುದನ್ನು ಅಲಕ್ಷಿಸಲಾಗದು.

ಆಗಬೇಕಾದದ್ದು

ಯಂತ್ರವನ್ನು ತಯಾರಿಸುವವರು ಅದರ ಹೊರಮೈಯಲ್ಲಿ ಬಣ್ಣಬಣ್ಣದ ದೀಪಗಳನ್ನು ಇಡುತ್ತಾರೆ. ಅವುಗಳ ಜೊತೆಗೆ ಅಂಗೈಗಿಂತ ಚಿಕ್ಕದಾದ ಒಂದು ಒತ್ತಡ ಮಾಪಕವನ್ನು ಇಡಬಾರದೇಕೆ? ಯಂತ್ರವನ್ನು ಕೂಡಿಸಿದ ದಿನ ಶುದ್ಧ ನೀರು ನಿಮಿಷಕ್ಕೆಷ್ಟು, ಚರಂಡಿಯ ನೀರು ನಿಮಿಷಕ್ಕೆಷ್ಟು, ಒತ್ತಡವೆಷ್ಟು, ಎರಡೂ ಕಡೆಯ ಟಿ.ಡಿ.ಎಸ್. ಎಷ್ಟು, ನೀರಿನ ಉಷ್ಣತೆಯೆಷ್ಟು ಎಂಬುದನ್ನು ಚೀಟಿಯೊಂದರಲ್ಲಿ ಬರೆದು ಯಂತ್ರದ ಪಕ್ಕಕ್ಕೆ ಅಂಟಿಸಬಾರದೇಕೆ? ಮುಂದೆ ಬರುವ ಪ್ರತಿಯೊಂದು ದೋಷವನ್ನೂ ಆ ಮೊದಲ ದಿನದ ಅಂಕಿಗಳೊಡನೆ ಹೋಲಿಸಬಹುದು. ಹೋಲಿಕೆಗೆ ಆಧಾರವೇ ಇಲ್ಲದ ಕಡೆ ಊಹೆ ಆಳುತ್ತದೆ. ಊಹೆ ಆಳುವ ಕಡೆ ಹಣವೂ ನೀರೂ ಪೋಲಾಗುತ್ತವೆ. ಕ್ಯಾಲೆಂಡರನ್ನು ನೋಡಿ ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸುವ ಪದ್ಧತಿಯೂ ಊಹೆಯ ಇನ್ನೊಂದು ರೂಪವೇ. ಕೆಸರು ನೀರಿನ ಮನೆಯಲ್ಲಿ ಫಿಲ್ಟರು ಮೂರು ತಿಂಗಳಿಗೇ ಕಟ್ಟಿಕೊಳ್ಳಬಹುದು. ತಿಳಿನೀರಿನ ಮನೆಯಲ್ಲಿ ಪೊರೆಯು ಎರಡು ಮೂರು ವರ್ಷ ಬಾಳಬಹುದು. ತಿಥಿ ನೋಡಿ ಕೆಡುವ ಯಂತ್ರವಿಲ್ಲ.

ವಿದ್ಯಾರ್ಥಿಗಳಿಗೆ ನನ್ನ ಕೊನೆಯ ಮಾತು. ಒತ್ತಡ, ಸ್ನಿಗ್ಧತೆ, ಅಭಿಸರಣ, ವಿದ್ಯುದ್ವಾಹಕತೆ, ಅನುಪಾತ, ವರ್ಗಮೂಲ, ಇವೆಲ್ಲವನ್ನೂ ನೀವು ಬೇರೆ ಬೇರೆ ಪುಸ್ತಕಗಳ ಬೇರೆ ಬೇರೆ ಅಧ್ಯಾಯಗಳಲ್ಲಿ ಓದಿದ್ದೀರಿ. ಅಡುಗೆಮನೆಯ ಆ ಪೆಟ್ಟಿಗೆಯಲ್ಲಿ ಅವೆಲ್ಲ ಒಂದೇ ಕಡೆ ಸೇರಿ ಕೆಲಸ ಮಾಡುತ್ತಿವೆ. ತಿಂಗಳಿಗೊಮ್ಮೆ ಕಾಲುಗಂಟೆ ಅದರ ಮುಂದೆ ನಿಂತು ಅಳತೆಗಳನ್ನು ತೆಗೆದು ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಚೌಕುಳಿ ಕಾಗದದ ಮೇಲೆ ನಕ್ಷೆಯಾಗಿ ಗುರುತಿಸಿರಿ. ಗೆರೆ ಎಂದಿನಿಂದ ಇಳಿಯತೊಡಗಿತು, ಮೆಲ್ಲಮೆಲ್ಲನೆಯೋ ಒಮ್ಮೆಗೇ ಧಡಕ್ಕನೆಯೋ, ಬೇಸಗೆಯಲ್ಲಿಯೋ ಚಳಿಗಾಲದಲ್ಲಿಯೋ ಎಂಬುದನ್ನು ಆ ನಕ್ಷೆಯೇ ತೋರಿಸುತ್ತದೆ. ಮೆಲ್ಲನೆ ಇಳಿದರೆ ಏನೋ ಕಟ್ಟಿಕೊಳ್ಳುತ್ತಿದೆ. ಒಮ್ಮೆಗೇ ಇಳಿದರೆ ಏನೋ ಮುರಿದಿದೆ. ಶಾಲೆಯ ಅಧ್ಯಾಪಕರು ಒಂದು ತರಗತಿಯ ಮಕ್ಕಳಿಂದ ಇಂತಹ ನಕ್ಷೆಗಳನ್ನು ತರಿಸಿ ಒಟ್ಟಿಗಿಟ್ಟರೆ ಊರಿನ ನೀರಿನ ಚರಿತ್ರೆಯೇ ಅವರ ಕೈಗೆ ಬಂದಂತಾಗುತ್ತದೆ. ವಿಜ್ಞಾನವೆಂದರೆ ದೂರದ ಪ್ರಯೋಗಶಾಲೆಗಳಲ್ಲಿ ನಡೆಯುವುದೆಂಬ ಭಾವನೆಯನ್ನು ಹೋಗಲಾಡಿಸುವುದಕ್ಕೆ ಕುಡಿಯುವ ನೀರಿನ ಒಂದು ಲೋಟಕ್ಕಿಂತ ಹತ್ತಿರದ ಉಪಕರಣ ಬೇರೊಂದಿಲ್ಲ.